ಲಾರಿಯ ಬೆನ್ನೆಲುಬು

ಕೆಲವು ವರ್ಷಗಳ ಹಿಂದಿನವರೆಗೂ ನಮ್ಮ ಹೆದ್ದಾರಿಗಳಲ್ಲಿ ಒಂದು ದೃಶ್ಯ ಸಾಮಾನ್ಯವಾಗಿತ್ತು. ಬಾಗಿಲಿಲ್ಲ, ಮಾಡಿಲ್ಲ, ಹಿಂದೆ ಸಾಮಾನು ತುಂಬುವ ಪೆಟ್ಟಿಗೆಯಿಲ್ಲ. ಎಂಜಿನ್ನು, ಚಕ್ರಗಳು, ಎರಡು ಉದ್ದನೆಯ ಉಕ್ಕಿನ ತೊಲೆಗಳು, ಇಷ್ಟೇ ಇದ್ದ ಲಾರಿಯೊಂದನ್ನು ತಲೆಗೂ ಮುಖಕ್ಕೂ ಬಟ್ಟೆ ಸುತ್ತಿಕೊಂಡ ಚಾಲಕನೊಬ್ಬ ಗಾಳಿಗೆ ಎದೆಯೊಡ್ಡಿ ಓಡಿಸಿಕೊಂಡು ಹೋಗುತ್ತಿದ್ದ. ಕಾರ್ಖಾನೆಯಲ್ಲಿ ಹುಟ್ಟಿದ ಆ ಲಾರಿ ಮೈ ಕಟ್ಟಿಸಿಕೊಳ್ಳಲು ನಾಮಕ್ಕಲ್ಲಿಗೋ ಇನ್ನಾವ ಊರಿಗೋ ಹೊರಟಿರುತ್ತಿತ್ತು. ಮೈ ಕಟ್ಟುವ ವಿದ್ಯೆ ಬಡಗಿಗಳ, ಕಮ್ಮಾರರ ಕೈಯಲ್ಲಿತ್ತು. ಆದರೆ ಚಾಸಿ ಎಂದು ನಾವು ಕರೆಯುವ ಆ ಬೆನ್ನೆಲುಬು ಮಾತ್ರ ಕಾರ್ಖಾನೆಯ ಸೊತ್ತು. ಅದರ ಲೆಕ್ಕಾಚಾರವೂ ಕಾರ್ಖಾನೆಯ ಬೀರುವಿನಲ್ಲೇ ಭದ್ರ. ಚಾಸಿಯನ್ನೂ ಊರಿನ ಕಾರ್ಯಾಗಾರದಲ್ಲಿ ಅಗ್ಗವಾಗಿ ಮಾಡಲು ಬರುವುದೆ? ಅದರ ನಕ್ಷೆಯನ್ನು ಎಲ್ಲರಿಗೂ ತೆರೆದಿಟ್ಟರೆ ಅಷ್ಟು ಸಾಕೆ?

ಈ ಪ್ರಶ್ನೆಯನ್ನು ಕೈಯಾರೆ ಎತ್ತಿಕೊಂಡವರಲ್ಲಿ ಮಾರ್ಚಿನ್ ಯಾಕುಬೋವ್ಸ್ಕಿ ಒಬ್ಬರು. ಪರಮಾಣು ಸಮ್ಮಿಳನ ವಿಷಯದಲ್ಲಿ ಡಾಕ್ಟರೇಟ್ ಪಡೆದ ಇವರು ಅಮೆರಿಕದ ಮಿಸೌರಿ ರಾಜ್ಯದಲ್ಲಿ ಬೇಸಾಯಕ್ಕಿಳಿದರು. ಕೊಂಡ ಟ್ರ್ಯಾಕ್ಟರು ಕೆಟ್ಟಿತು. ದುರಸ್ತಿ ಮಾಡಿಸಿದರು, ಮತ್ತೆ ಕೆಟ್ಟಿತು. ಕೊನೆಗೆ ಕೈಯೇ ಬರಿದಾಯಿತು. ಆಗ ತಾವೇ ಒಂದು ಟ್ರ್ಯಾಕ್ಟರನ್ನು ಕಟ್ಟಿ, ಅದರ ನಕ್ಷೆಯನ್ನು ಯಾರು ಬೇಕಾದರೂ ನೋಡಿ, ಮಾಡಿ, ತಿದ್ದಿಕೊಳ್ಳಬಹುದೆಂದು ಪ್ರಕಟಿಸಿದರು. 2003ರಲ್ಲಿ ಅವರು ಆರಂಭಿಸಿದ ‘ಓಪನ್ ಸೋರ್ಸ್ ಇಕಾಲಜಿ’ ಸಂಸ್ಥೆ ಒಂದು ಊರಿನ ಬಾಳಿಗೆ ಬೇಕಾದ 50 ಯಂತ್ರಗಳ ಪಟ್ಟಿ ಮಾಡಿತು. ಲಾರಿಯೂ ಅದರಲ್ಲಿ ಸೇರಿದೆ. ಟ್ರ್ಯಾಕ್ಟರಿನ ಚೌಕಟ್ಟಿಗೆ ಅವರು ಬಳಸಿದ್ದು ನಾಲ್ಕು ಅಂಗುಲದ ಚೌಕನೆಯ ಉಕ್ಕಿನ ಕೊಳವೆ, ಜೋಡಣೆಗೆ ಬೋಲ್ಟು. ಕೆಟ್ಟ ಭಾಗವನ್ನು ಕಳಚಿ ಬೇರೆಯದನ್ನು ಹಾಕಬಹುದು.

ಟ್ರ್ಯಾಕ್ಟರಿಗೆ ಒಗ್ಗಿದ್ದು ಲಾರಿಗೂ ಒಗ್ಗೀತೆ? ಇಲ್ಲಿ ಸ್ವಲ್ಪ ನಿಲ್ಲಬೇಕು.

ಲಾರಿಯ ಚಾಸಿ ನೋಡಲು ಮಲಗಿಸಿದ ಏಣಿಯಂತಿರುತ್ತದೆ: ಉದ್ದಕ್ಕೆ ಎರಡು ತೊಲೆಗಳು, ನಡುವೆ ಅಡ್ಡಪಟ್ಟಿಗಳು. ಅದು ಎರಡು ಬಗೆಯ ಹಿಂಸೆಯನ್ನು ತಾಳಿಕೊಳ್ಳಬೇಕು. ಮೊದಲನೆಯದು ಬಾಗು. ಮರದ ಅಡಿಪಟ್ಟಿಯೊಂದನ್ನು ಚಪ್ಪಟೆಯಾಗಿ ಹಿಡಿದು ಒತ್ತಿದರೆ ಬಾಗುತ್ತದೆ, ನೆಟ್ಟಗೆ ನಿಲ್ಲಿಸಿ ಒತ್ತಿದರೆ ಜಗ್ಗುವುದಿಲ್ಲ. ತೊಲೆಯ ಎತ್ತರವನ್ನು ಎರಡರಷ್ಟು ಮಾಡಿದರೆ ತೂಕ ಎರಡರಷ್ಟಾಗುತ್ತದೆ, ಬಿಗುವು ಮಾತ್ರ ಎಂಟರಷ್ಟಾಗುತ್ತದೆ. ಭಾರವನ್ನು ಹೆಚ್ಚಾಗಿ ಹೊರುವುದು ಮೇಲಿನ ಮತ್ತು ಕೆಳಗಿನ ಅಂಚುಗಳು. ನಡುಭಾಗಕ್ಕೆ ಅಷ್ಟು ಕೆಲಸವಿಲ್ಲ. ಆದುದರಿಂದಲೇ ತೊಲೆಯನ್ನು ಗಟ್ಟಿ ದಿಮ್ಮಿಯಾಗಿ ಮಾಡದೆ, ಮೇಲೆ ಕೆಳಗೆ ಮಡಿಚಿದ ಚಾನೆಲ್ ಆಗಿ ಮಾಡುತ್ತಾರೆ.

ಎರಡನೆಯದು ತಿರುಚು. ಒಂದು ಚಕ್ರ ಗುಂಡಿಗಿಳಿದು ಇನ್ನೊಂದು ಕಲ್ಲಿನ ಮೇಲೆ ಹತ್ತಿದಾಗ ಇಡೀ ಚೌಕಟ್ಟನ್ನು ಒದ್ದೆ ಬಟ್ಟೆಯಂತೆ ಹಿಂಡಿದಂತಾಗುತ್ತದೆ. ಊದಿನಕಡ್ಡಿಯ ರಟ್ಟಿನ ಕೊಳವೆಯನ್ನು ಎರಡೂ ಕೈಯಿಂದ ತಿರುಚಿ ನೋಡಿ, ಸುಲಭಕ್ಕೆ ಬಗ್ಗದು. ಅದನ್ನೇ ಬ್ಲೇಡಿನಿಂದ ಉದ್ದಕ್ಕೆ ಸೀಳಿ ತಿರುಚಿ, ಹೇಳಿದಂತೆ ಕೇಳುತ್ತದೆ. ಮುಚ್ಚಿದ ಕೊಳವೆಗೂ ತೆರೆದ ಚಾನೆಲಿಗೂ ಇರುವ ವ್ಯತ್ಯಾಸ ಇದೇ. ಕೊಳವೆಯೇ ಮೇಲೆಂದು ನಮಗೆ ತೋರುತ್ತದೆ; ಲಾರಿ ಮಾಡುವವರು ಬಹುಕಾಲದಿಂದ ಚಾನೆಲನ್ನೇ ಆರಿಸಿಕೊಂಡು ಬಂದಿದ್ದಾರೆ. ಚೌಕಟ್ಟು ತುಸು ಮಣಿದರೆ ನಾಲ್ಕು ಚಕ್ರಗಳೂ ನೆಲಕ್ಕಂಟುತ್ತವೆ. ಮಣಿಯದೆ ಸೆಟೆದು ನಿಂತರೆ ಆ ಬಲವೆಲ್ಲ ಕೂಡುಗಂಟುಗಳಿಗೆ ಹೋಗಿ ಅಲ್ಲಿ ಬಿರುಕು ಹುಟ್ಟುತ್ತದೆ. ಕೊಳವೆಯಿಂದ ಲಾರಿ ಮಾಡಬಾರದೆಂದಲ್ಲ. ಮಾಡಿದರೆ ಗಂಟುಗಳ ಲೆಕ್ಕವನ್ನು ಬೇರೆಯೇ ಹಾಕಬೇಕು.

ಇನ್ನು ಬೆಲೆಯ ಮಾತು. ದೊಡ್ಡ ಕಾರ್ಖಾನೆ ಸಾವಿರಾರು ಟನ್ನು ಬಲದ ಪ್ರೆಸ್ಸಿನಲ್ಲಿ ಬಿಗಿ ಉಕ್ಕಿನ ಹಾಳೆಯನ್ನು ಮಡಿಚಿ ತೊಲೆ ಮಾಡುತ್ತದೆ. ಆ ಪ್ರೆಸ್ಸಿನ ಖರ್ಚು ಸಾವಿರಾರು ಲಾರಿಗಳ ಮೇಲೆ ಹಂಚಿಹೋಗುತ್ತದೆ. ವರ್ಷಕ್ಕೆ ಹತ್ತು ಲಾರಿ ಮಾಡುವವನಿಗೆ ಅದು ಕನಸು. ಅವನು ಕಬ್ಬಿಣದ ಅಂಗಡಿಯಲ್ಲಿ ಸಿಗುವ ಆರಂಗುಲದ ಚಾನೆಲಿನಿಂದಲೇ ತೃಪ್ತನಾಗಬೇಕು. ಅದು ಮೀಟರಿಗೆ ಸುಮಾರು 16.5 ಕಿಲೋಗ್ರಾಂ ತೂಗುತ್ತದೆ. ಐದೈದು ಮೀಟರಿನ ಎರಡು ತೊಲೆಗೆ 165 ಕಿಲೋಗ್ರಾಂ. ಬಿಗಿ ಉಕ್ಕಾಗಿದ್ದರೆ ಇಷ್ಟು ತೂಕ ಬೇಕಾಗುತ್ತಿರಲಿಲ್ಲ. ಆದರೆ ಕಾಯಿಸಿ ಹದಗೊಳಿಸಿದ ಬಿಗಿ ಉಕ್ಕಿಗೆ ಬೆಸುಗೆಯ ಶಾಖ ತಗಲಿದರೆ ಆ ಜಾಗದ ಹದ ಕೆಡುತ್ತದೆ. ಮೆದು ಉಕ್ಕು ಹಾಗಲ್ಲ. ಊರಿನ ಬೆಸುಗೆಯವನ ಕೈಗೆ ಒಲಿಯುತ್ತದೆ. ಹೆಚ್ಚು ತೂಕ ಹೊತ್ತು ದುರಸ್ತಿಯ ಸೌಲಭ್ಯ ಪಡೆಯುವುದು ನನಗಂತೂ ಸರಿಯಾದ ವ್ಯಾಪಾರವೆಂದೇ ತೋರುತ್ತದೆ.

ಒಮ್ಮೆ ರಸ್ತೆಬದಿಯ ಗ್ಯಾರೇಜೊಂದರಲ್ಲಿ ಚಾಸಿ ಸೀಳಿದ ಲಾರಿಯೊಂದನ್ನು ಕಂಡೆ. ಸಾಮಾನಿನ ಪೆಟ್ಟಿಗೆ ತೂಗುಹಾಕಲು ತೊಲೆಯ ಕೆಳಗಿನ ಅಂಚಿನಲ್ಲಿ ಹಿಂದೆಂದೋ ತೂತು ಕೊರೆದಿದ್ದರು. ಭಾರ ಬಿದ್ದಾಗ ಹೆಚ್ಚು ಎಳೆತ ತಿನ್ನುವುದು ಆ ಅಂಚೇ. ಬಿರುಕು ತೂತಿನಿಂದಲೇ ಹೊರಟಿತ್ತು. ಅದರ ಮೇಲೆ ಉಕ್ಕಿನ ಪಟ್ಟಿಯೊಂದನ್ನು ಬೆಸೆದಿದ್ದರು. ಆರು ತಿಂಗಳಲ್ಲಿ ಆ ಪಟ್ಟಿ ಮುಗಿದ ಕಡೆಯೇ ಹೊಸ ಬಿರುಕು. ಪಟ್ಟಿಯ ತುದಿಯನ್ನು ನೇರವಾಗಿ ಕತ್ತರಿಸದೆ ಓರೆಯಾಗಿ ಇಳಿಸಬೇಕಿತ್ತು. ಬೆಸೆದ ಮೇಸ್ತ್ರಿ ಒಳ್ಳೆಯ ಕೆಲಸಗಾರ. ಬೆಸುಗೆ ನೋಡಲು ಕಣ್ಣಿಗೆ ಹಬ್ಬ. “ನಮಗೆ ಯಾರು ಹೇಳ್ತಾರೆ ಸ್ವಾಮಿ?” ಎಂದ. ಇಂಥ ಸೂಚನೆಗಳ ಪುಸ್ತಕವನ್ನು ಕಾರ್ಖಾನೆಗಳು ಅಚ್ಚು ಹಾಕಿಸುವುದುಂಟು. ಆ ಗ್ಯಾರೇಜಿಗೆ ಅದು ತಲುಪಿರಲಿಲ್ಲ.

ತೆರೆದ ನಕ್ಷೆಯ ನಿಜವಾದ ಪರೀಕ್ಷೆ ಇಲ್ಲಿದೆ. ಅಳತೆಗಳನ್ನು ಕೊಟ್ಟರೆ ನಕಲು ಮಾಡಬಹುದು. ಕಾರಣಗಳನ್ನು ಕೊಟ್ಟರೆ ಮಾತ್ರ ಬದಲಾಯಿಸಬಹುದು. ತೂತು ಏಕೆ ನಡುಭಾಗದಲ್ಲೇ ಇದೆ, ಎಷ್ಟು ಭಾರಕ್ಕೆ ಲೆಕ್ಕ ಹಾಕಿದೆ, ಗುಂಡಿಗೆ ಬಿದ್ದ ಕ್ಷಣ ಆ ಭಾರ ಎರಡು ಮೂರು ಪಟ್ಟಾಗುವುದನ್ನು ಎಣಿಸಿದ್ದಾರೆಯೆ, ಮುರಿದ ಮಾದರಿ ಎಲ್ಲಿ ಮುರಿಯಿತು, ಇವೆಲ್ಲ ನಕ್ಷೆಯ ಅಂಚಿನಲ್ಲಿ ಬರೆದಿರಬೇಕು. ಮೆದು ಉಕ್ಕು ಸಿಗದ ಊರಿನಲ್ಲಿ, ಕಬ್ಬು ಹೇರುವ ಕಡೆ, ಚಾಸಿಯನ್ನು ಬದಲಾಯಿಸಿಯೇ ಬದಲಾಯಿಸುತ್ತಾರೆ. ಬೇಡವೆಂದರೆ ಕೇಳುವವರು ಯಾರು?

ಹೊಣೆಯ ಪ್ರಶ್ನೆಯಂತೂ ಉಳಿದೇ ಇದೆ. ಉತ್ತರ ಭಾರತದ ಹಳ್ಳಿಗಳಲ್ಲಿ ನೀರೆತ್ತುವ ಡೀಸೆಲ್ ಎಂಜಿನ್ನನ್ನು ಮರದ ಗಾಡಿಗೆ ಕೂಡಿಸಿ ಓಡಿಸುವ ‘ಜುಗಾಡ್’ ಉಂಟು. ಅಗ್ಗದ ಲಾರಿಯೆಂದರೆ ಅದೇ. 2013ರಲ್ಲಿ ಸರ್ವೋಚ್ಚ ನ್ಯಾಯಾಲಯ, ಅದೂ ಮೋಟಾರು ವಾಹನವೇ, ಮೋಟಾರು ವಾಹನ ಕಾಯಿದೆಯ ಕಟ್ಟಳೆಗಳನ್ನು ಪಾಲಿಸದೆ ರಸ್ತೆಗಿಳಿಯಕೂಡದು ಎಂದು ತೀರ್ಪಿತ್ತಿತು. ನ್ಯಾಯವೇ ಸರಿ, ಅದು ಗುದ್ದಿ ಸತ್ತವರ ಮನೆಯವರು ಪರಿಹಾರಕ್ಕೆ ಯಾರ ಬಾಗಿಲು ತಟ್ಟಬೇಕು? ಊರಿನಲ್ಲಿ ಕಟ್ಟಿದ ಚಾಸಿಯೂ ನಮ್ಮಲ್ಲಿ ಪುಣೆಯ ವಾಹನ ಸಂಶೋಧನಾ ಸಂಸ್ಥೆಯಂಥ ಕಡೆ ಪರೀಕ್ಷೆಗೆ ನಿಲ್ಲಬೇಕಾಗುತ್ತದೆ. ಆ ಪರೀಕ್ಷೆಯ ವೆಚ್ಚ ಹತ್ತು ಲಾರಿ ಮಾಡುವವನ ಹೆಗಲಿಗೆ ಭಾರ. ಒಂದೇ ನಕ್ಷೆಯನ್ನು ಬಳಸುವ ನೂರು ಕಾರ್ಯಾಗಾರಗಳು ಕೂಡಿಕೊಂಡರೆ ವೆಚ್ಚವೇನೋ ಹಂಚಿಹೋದೀತು. ಪರೀಕ್ಷೆಗೆ ಕಳುಹಿಸಿದ ಮಾದರಿಯಂತೆಯೇ ನೂರೂ ಕಡೆ ಬೆಸುಗೆ ಬಿದ್ದಿದೆಯೆಂದು ರುಜು ಹಾಕಲು ಒಬ್ಬರು ಮುಂದೆ ಬರಬೇಕಷ್ಟೆ.