ಮಗ ಹೋದ ಮೇಲೆ ಅಪ್ಪ ಕಟ್ಟಿದ ಗೂಡು

ಹಸಿರು ದೀಪ ಹತ್ತಿದ್ದೇ ತಡ, ಎರಡು ಕಾರುಗಳು ಅಕ್ಕಪಕ್ಕದಲ್ಲೇ ಗುಂಡಿನಂತೆ ಹಾರುತ್ತವೆ. ದಾರಿ ನೇರ, ತಿರುವಿಲ್ಲ, ಸುತ್ತಿಲ್ಲ. ಐದು ಸೆಕೆಂಡಿನೊಳಗೆ ಎಲ್ಲವೂ ಮುಗಿದು, ವೇಗ ತಗ್ಗಿಸಲು ಕಾರಿನ ಹಿಂದೆ ಪ್ಯಾರಾಚೂಟ್ ಬಿಚ್ಚಿಕೊಂಡಿರುತ್ತದೆ. ಇದೇ ಡ್ರ್ಯಾಗ್ ರೇಸ್.

ಅಮೆರಿಕದ ಹುಡುಗರಿಗೆ ಇದರ ಹುಚ್ಚು ಹಳೆಯದು. ಬೀದಿಯಲ್ಲಿ ಪಂದ್ಯ ಕಟ್ಟುತ್ತಿದ್ದ ಯುವಕರನ್ನು ಸುರಕ್ಷಿತ ಮೈದಾನಕ್ಕೆ ತರಬೇಕೆಂದೇ ವ್ಯಾಲಿ ಪಾರ್ಕ್ಸ್ ಎಂಬುವರು 1951ರಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಸ್ಥಾಪಿಸಿದರು.

ಆ ಮೈದಾನದಲ್ಲಿ ಬೆಳಗಿದವನು ಎರಿಕ್ ಮೆಡ್ಲೆನ್. 1973ರಲ್ಲಿ ಹುಟ್ಟಿದ ಈತನ ಊರು ಕ್ಯಾಲಿಫೋರ್ನಿಯಾದ ಓಕ್‌ಡೇಲ್. ಹೈಸ್ಕೂಲಿನಲ್ಲಿದ್ದಾಗ ಕುದುರೆಯೇರಿ ಕರುವಿಗೆ ಹಗ್ಗ ಬೀಸುವ ಆಟದಲ್ಲಿ ಪಳಗಿದ್ದ. ತಂದೆ ಜಾನ್ ಮೆಡ್ಲೆನ್ ಹೆಸರಾಂತ ಚಾಲಕ ಜಾನ್ ಫೋರ್ಸ್ ಅವರ ತಂಡದಲ್ಲಿ ಎಂಜಿನ್ ಬಲ್ಲ ತಜ್ಞರು. ಮಗ ನೇರವಾಗಿ ಸ್ಟಿಯರಿಂಗ್ ಹಿಡಿಯಲಿಲ್ಲ. ಹಲವು ವರ್ಷ ಅದೇ ತಂಡದಲ್ಲಿ ಸ್ಪ್ಯಾನರ್ ಹಿಡಿದು, ಕೈ ಮಸಿ ಮಾಡಿಕೊಂಡು ಕೆಲಸ ಕಲಿತ. 2004ರಲ್ಲಿ ಚಾಲಕನಾದ. ಕಾರು ಓಡಿಸುವವನು ಮಗ, ಅದನ್ನು ಸಜ್ಜುಗೊಳಿಸುವವರು ಅಪ್ಪ! ಮೂರೇ ವರ್ಷಗಳಲ್ಲಿ ಆರು ರಾಷ್ಟ್ರೀಯ ಪಂದ್ಯಗಳು ಈ ಜೋಡಿಯ ಪಾಲಾದವು.

ಆತ ಓಡಿಸುತ್ತಿದ್ದುದು ‘ಫನ್ನಿ ಕಾರ್’. ಹೆಸರಷ್ಟೇ ತಮಾಷೆಯದು. ಇದರ ಇಂಧನ ನೈಟ್ರೋಮೀಥೇನ್. ಇದರ ಅಣುವಿನಲ್ಲೇ ಆಮ್ಲಜನಕ ಇರುವುದರಿಂದ ಅಷ್ಟೇ ಗಾಳಿಗೆ ಪೆಟ್ರೋಲಿಗಿಂತ ಹಲವು ಪಟ್ಟು ಹೆಚ್ಚು ಇಂಧನ ಉರಿಸಬಹುದು. ಹಾಗಾಗಿಯೇ ಕಾಲು ಮೈಲಿಯ ಕೊನೆಯಲ್ಲಿ ವೇಗ ಗಂಟೆಗೆ 500 ಕಿ.ಮೀ. ದಾಟುತ್ತಿತ್ತು.

2007ರ ಮಾರ್ಚ್ 19. ಫ್ಲಾರಿಡಾದ ಗೇನ್ಸ್‌ವಿಲ್‌ನಲ್ಲಿ ಪಂದ್ಯ ಮುಗಿದ ಮರುದಿನದ ಪರೀಕ್ಷಾ ಓಟ. ಹಿಂದಿನ ಟೈರು ಕೈಕೊಟ್ಟಿತು. ಕಾರು ಅದುರಿದ ರಭಸಕ್ಕೆ ಚಾಲಕನ ಸುತ್ತಲಿನ ಉಕ್ಕಿನ ಗೂಡಿನಲ್ಲಿ ಎರಿಕ್‌ನ ತಲೆ ಗಿಲಕಿಯೊಳಗಿನ ಕಾಳಿನಂತೆ ಅತ್ತಿತ್ತ ಬಡಿಯಿತು. ಮಿದುಳಿಗೆ ಬಿದ್ದ ಪೆಟ್ಟು ಮಾರಕವಾಯಿತು. ನಾಲ್ಕು ದಿನಗಳ ನಂತರ, 33ರ ವಯಸ್ಸಿನಲ್ಲಿ ಆತ ತೀರಿಕೊಂಡ.

ತಾನೇ ಸಜ್ಜುಗೊಳಿಸಿದ ಕಾರಿನಲ್ಲಿ ಮಗ ಹೋದರೆ ಅಪ್ಪನ ಪಾಡೇನು? ಜಾನ್ ಮೆಡ್ಲೆನ್ ಹಣೆಬರಹವೆಂದು ಕೈಕಟ್ಟಿ ಕೂರಲಿಲ್ಲ. ಆ ಓಟದಲ್ಲಿ ಆದದ್ದೇನು, ಯಾಕೆ ಎಂದು ಹುಡುಕಲು ಹೊರಟರು. ಮಗನ ಹೆಸರಿನಲ್ಲೇ ‘ಎರಿಕ್ ಮೆಡ್ಲೆನ್ ಪ್ರಾಜೆಕ್ಟ್’ ಆರಂಭವಾಯಿತು. ತಲೆಯ ಸುತ್ತ ದಪ್ಪ ಮೆತ್ತೆ ಬಂತು, ಉಕ್ಕಿನ ಗೂಡು ಅಗಲವಾಯಿತು.

ಅದೇ ವರ್ಷ ಸೆಪ್ಟೆಂಬರ್ 23ರಂದು ಟೆಕ್ಸಾಸ್‌ನಲ್ಲಿ ಜಾನ್ ಫೋರ್ಸ್ ಅವರ ಕಾರೇ ಎರಡು ಹೋಳಾಯಿತು. ಕೈಕಾಲು ಮುರಿದವು, ಜೀವ ಉಳಿಯಿತು. ಮರುವರ್ಷ ಅವರು ಮತ್ತೆ ಕಾರು ಹತ್ತಿದರು. ಎರಿಕ್ ಸತ್ತ ಮೇಲೆ ಗೂಡಿನಲ್ಲಿ ಮಾಡಿದ್ದ ಬದಲಾವಣೆಗಳು ಆ ಹೊತ್ತಿಗೆ ಅವರ ತಲೆಯ ಸುತ್ತ ಇದ್ದವು. 2008ರಲ್ಲಿ ಸ್ಕಾಟ್ ಕಲಿಟ್ಟಾ ಎಂಬ ಇನ್ನೊಬ್ಬ ಚಾಲಕ ಬಲಿಯಾದ ಮೇಲೆ ಈ ಬಗೆಯ ಕಾರುಗಳ ಓಟದ ದೂರವನ್ನೇ 1,000 ಅಡಿಗೆ ಇಳಿಸಲಾಯಿತು.

ಇಷ್ಟೆಲ್ಲ ಕಾವಲಿದ್ದೂ ಜೀವ ಹೋಗುವ ಆಟವಿದು. ಹಾಗಿರುವಾಗ ಹೆಲ್ಮೆಟ್ಟೂ ಇಲ್ಲದೆ ನಮ್ಮ ಹೆದ್ದಾರಿಗಳಲ್ಲಿ ರಾತ್ರಿ ಬೈಕಿನ ಪಂದ್ಯ ಕಟ್ಟುವ ಹುಡುಗರಿಗೆ ಕಾವಲು ಯಾರು? 18 ತುಂಬದ ಮಕ್ಕಳು ವಾಹನ ಓಡಿಸಿ ತಪ್ಪೆಸಗಿದರೆ, ಪೋಷಕರಿಗೆ 25,000 ರೂ. ದಂಡದ ಜೊತೆಗೆ ಮೂರು ವರ್ಷದವರೆಗೆ ಸೆರೆವಾಸ ವಿಧಿಸಲು 2019ರ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿಯಲ್ಲಿ ಅವಕಾಶವಿದೆ. ಆದರೆ ಕಾನೂನು ಬರುವುದು ತಪ್ಪಾದ ಮೇಲೆ.

ಮಗನಿಗೆ ವೇಗದ ಹುಚ್ಚಿದೆಯೆಂದು ಗೊತ್ತಾದರೆ ಬೈಕಿನ ಕೀಲಿ ಬಚ್ಚಿಟ್ಟರಷ್ಟೇ ಸಾಲದು. ಒಂದು ಭಾನುವಾರ ಅವನೊಡನೆ ಗ್ಯಾರೇಜಿನಲ್ಲಿ ಕುಳಿತು ಎಂಜಿನ್ ಬಿಚ್ಚಿ ನೋಡಿ. ಜಾನ್ ಮೆಡ್ಲೆನ್ ಅವರಿಗೆ ಮಗನೊಡನೆ ಅಂಥ ದಿನಗಳು ಸಿಕ್ಕಿದ್ದವು. ಅವನ ನೆನಪಿನಲ್ಲಿ ಇತರರ ಮಕ್ಕಳನ್ನು ಕಾಯುವ ಕೆಲಸಕ್ಕೆ ಅವರು ಕೈ ಹಾಕಿದ್ದು ಆಮೇಲೆ.