ಕುರಿಯ ಮೈಯೊಳಗಿನ ಕಾವಲು ಲೆಕ್ಕ

ರಾಯಚೂರು ಸೀಮೆಯ ಕೆಂಗುರಿ ಹಿಂಡುಗಳನ್ನು ಮಾನ್ವಿ, ದೇವದುರ್ಗದ ಕಡೆ ನೋಡಿದ್ದೀರಲ್ಲ? ಆ ಕುರಿಯ ಮೈಯೊಳಗೆ ರೋಗ ಕಾಯುವ ಲಿಂಫೋಸೈಟ್ ಕಣಗಳು ಸದಾ ಓಡಾಡುತ್ತಿರುತ್ತವೆ. ರಕ್ತದಿಂದ ದುಗ್ಧಗ್ರಂಥಿಗೆ, ಅಲ್ಲಿಂದ ಮತ್ತೆ ರಕ್ತಕ್ಕೆ! ಇಲಿಗಳಲ್ಲಿ ಇದನ್ನು 1959ರಲ್ಲಿ ತೋರಿಸಿದವರು ಆಕ್ಸ್‌ಫರ್ಡ್‌ನ ಜೇಮ್ಸ್ ಗೋವನ್ಸ್.

ಗಣಿತ ಬರುವುದು ಇಲ್ಲಿ. ತುಂಗಭದ್ರಾ ಎಡದಂಡೆ ನಾಲೆಯ ನೀರಿನ ಹಾಗೆ ಒಳಹರಿವು, ಹೊರಹರಿವು ಬರೆಯಿರಿ. ಇಲಿಯಂಥ ಪ್ರಾಣಿಗಳಲ್ಲಿ ಈ ಕಣ ರಕ್ತದಲ್ಲಿ ತಂಗುವುದು ಸುಮಾರು ಅರ್ಧ ಗಂಟೆ, ಗ್ರಂಥಿಯಲ್ಲಿ ಹೆಚ್ಚುಕಡಿಮೆ ಅರ್ಧ ದಿನ. ಒಳಹರಿವು, ಹೊರಹರಿವು ಸಮವಾಗಿರುವಾಗ ಎಲ್ಲಿ ಹೆಚ್ಚು ಹೊತ್ತು ತಂಗುತ್ತವೋ ಅಲ್ಲೇ ಹೆಚ್ಚು ಕಣ. ಹಾಗಾಗಿ ರಕ್ತ ಪರೀಕ್ಷೆಗೆ ಸಿಗುವುದು ಆ ಸೈನ್ಯದ ಸಣ್ಣ ಪಾಲಷ್ಟೇ.

ಕುರಿಯ ಹೆಗಲ ಮುಂದೆ ಒತ್ತಿ ನೋಡಿ, ಜಾರುವ ಗಂಟು ಸಿಗುತ್ತದೆ. ಅದೇ ಗ್ರಂಥಿ. ಲಸಿಕೆಯ ಸುಳಿವು ಹತ್ತಿರದ ಗ್ರಂಥಿಗೆ ಮುಟ್ಟಿ, ಕಣಗಳು ಹೆಚ್ಚಿ ಮೈಯೆಲ್ಲ ಹರಡಲು ದಿನಗಳು ಬೇಕು. ಅದಕ್ಕೇ ಪಿಪಿಆರ್ ಎಂಬ ಕುರಿ-ಮೇಕೆಗಳ ಅಂಟುರೋಗ ಹಟ್ಟಿಗೆ ಬರುವ ಮುಂಚೆಯೇ ಲಸಿಕೆ ಹಾಕಿಸಿ.