ಮೂರು ಸೆಕೆಂಡಿನ ನಿದ್ದೆ

ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಟ್ಟ ವಿದ್ಯಾರ್ಥಿ ಒಂದೆರಡು ಉತ್ತರ ತಪ್ಪಿಯಾನು. ಯಶವಂತಪುರದ ಎ.ಪಿ.ಎಂ.ಸಿ. ಮಾರುಕಟ್ಟೆಗೆ ಈರುಳ್ಳಿ ತರುವ ಲಾರಿ ಚಾಲಕ ನಿದ್ದೆಗೆಟ್ಟರೆ?

ಬೆಳಗಿನ ವಹಿವಾಟಿಗೆ ಸರಕು ಮುಟ್ಟಿಸುವ ಅವಸರದಲ್ಲಿ ಆತ ರಾತ್ರಿಯಿಡೀ ಲಾರಿ ಓಡಿಸುತ್ತಾನೆ. ನಡುರಾತ್ರಿ ಕಳೆದ ಮೇಲೆ ದೇಹ ಸಹಜವಾಗಿಯೇ ನಿದ್ದೆ ಬೇಡುತ್ತದೆ. ಚಹಾ ಅದನ್ನು ಮುಂದೂಡೀತು, ನೀಗಿಸದು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಮೂರೇ ಸೆಕೆಂಡು ತೂಕಡಿಸಿದರೂ ಲಾರಿ 50 ಮೀಟರ್ ದೂರ ಹಿಡಿತವಿಲ್ಲದೆ ಸಾಗಿರುತ್ತದೆ.

ಇದು ಬರೀ ಚಾಲಕನ ತಪ್ಪಲ್ಲ. ದುಡಿಮೆ ದಿನಕ್ಕೆ 8 ಗಂಟೆ, ದೂರದ ಮಾರ್ಗದಲ್ಲಿ ಅನುಮತಿ ಪಡೆದರೆ 10 ಗಂಟೆ ಎಂದು ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ 1961ರಲ್ಲೇ ಮಿತಿ ಹಾಕಿತ್ತು. ಬಾಡಿಗೆಯ ಲೆಕ್ಕ ಹಾಕುವವರು ನಿದ್ದೆಯ ಲೆಕ್ಕವನ್ನೂ ಹಾಕಬೇಕು. ನಮ್ಮ ಮಕ್ಕಳು ಶಾಲೆಗೆ ಹೋಗುವುದೂ ಅದೇ ರಸ್ತೆಯಲ್ಲಿ.